ಬೇಸಿಗೆಗೆ ಮೊಸರಿನ ಐಸ್‌ಕ್ರೀಂ: ಮನೆಯಲ್ಲೇ ಯಂತ್ರದಿಂದ ತಯಾರಿಕೆ
(ಭಾಷಣದ ಪಾಠ)



ಶಿವರಾತ್ರಿ ಕಳೆಯಿತೆಂದರೆ ದಾವಣಗೆರೆ, ಹರಿಹರದ ಬಯಲಿನಲ್ಲಿ ಬಿಸಿಲು ಏರತೊಡಗುತ್ತದೆ. ಯುಗಾದಿಯ ಹೊತ್ತಿಗೆ ಮಧ್ಯಾಹ್ನದ ಉಷ್ಣತೆ 37-38 ಡಿಗ್ರಿ ಮುಟ್ಟುವುದು ಇಲ್ಲಿ ಸರ್ವೇಸಾಮಾನ್ಯ. ಶಾಲೆಗೆ ರಜೆ ಬರುತ್ತದೆ, ನೆಂಟರಿಷ್ಟರು ಬರುತ್ತಾರೆ, ಮಕ್ಕಳ ಕೈಗೆ ಅಂಗಡಿಯ ಐಸ್‌ಕ್ರೀಂ ಬರುತ್ತದೆ. ಕೊಟ್ಟಿಗೆಯಲ್ಲಿ ಎರಡು ಎಮ್ಮೆ, ಒಂದು ಮಿಶ್ರತಳಿ ಹಸು ಇರುವ ಮನೆಯವರೂ ತಂಪು ತಿನ್ನಬೇಕಾದರೆ ದುಡ್ಡು ಕೊಟ್ಟು ಡಬ್ಬಿ ತರುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಮನೆಯಲ್ಲೇ ಐಸ್‌ಕ್ರೀಂ ಮಾಡುವ ಸಣ್ಣ ಯಂತ್ರಗಳು ಪೇಟೆಗೆ ಬಂದಿವೆ. ಹಾಲಿನ ಬದಲು ಮೊಸರು ಹಾಕಿದರೆ ಆರೋಗ್ಯಕ್ಕೆ ಒಳ್ಳೆಯದೆಂಬ ಮಾತೂ ಜೊತೆಗೇ ಬಂದಿದೆ. ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಉಳಿದರ್ಧವನ್ನು ತಿಳಿಯದೆ ಯಂತ್ರ ಕೊಂಡರೆ ಅದು ಒಂದು ಬೇಸಿಗೆ ಕಳೆಯುವುದರೊಳಗೆ ಅಟ್ಟ ಸೇರುತ್ತದೆ.

ಉದಾಹರಣೆಗೆ, ಭದ್ರಾ ಬಲದಂಡೆ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ, ಹರಿಹರ ತಾಲ್ಲೂಕಿನ ಒಂದು ಮನೆಯನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ. ಮನೆಯ ಹಿರಿಯರಿಗೆ ಸಕ್ಕರೆ ಕಾಯಿಲೆ. ಸೊಸೆ ದಾವಣಗೆರೆಯ ಪೇಟೆಯಿಂದ ಯಂತ್ರ ತಂದಳು. ಆರೋಗ್ಯದ ದೃಷ್ಟಿಯಿಂದ ಕೆನೆ ತೆಗೆದ ಹಾಲಿನ ಮೊಸರನ್ನೇ ತೆಗೆದುಕೊಂಡು, ಎರಡೇ ಚಮಚೆ ಸಕ್ಕರೆ ಹಾಕಿ, ಯಂತ್ರಕ್ಕೆ ಸುರಿದು ತಿರುಗಲು ಬಿಟ್ಟಳು. ಹತ್ತು ನಿಮಿಷದಲ್ಲಿ ಅಲಗು ಕಿರುಗುಟ್ಟಿ ನಿಂತಿತು. ಒಳಗಿದ್ದುದನ್ನು ಕೆರೆದು ತೆಗೆದರೆ ಹರಳು ಹರಳಾದ ಬಿಳಿ ಮಂಜು. ಮಿಕ್ಕದ್ದನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ತೆಗೆದಾಗ ಚಮಚೆಯೇ ಬಾಗಿತು. "ಏನಮ್ಮಾ ಇದು, ಮೊಸರೋ ಕಲ್ಲೋ?" ಎಂದರು ಅತ್ತೆ. ತಪ್ಪು ಯಂತ್ರದ್ದಲ್ಲ, ಸೊಸೆಯ ಕೈಯದೂ ಅಲ್ಲ. ತಪ್ಪು ನೀರಿನದು.

ಹಸುವಿನ ಹಾಲಿನಲ್ಲಿ ಶೇ. 87 ಭಾಗ ನೀರೇ ಇರುತ್ತದೆ. ಎಮ್ಮೆ ಹಾಲಿನಲ್ಲಿ ಶೇ. 82-83. ಹೆಪ್ಪು ಹಾಕಿದ ಮಾತ್ರಕ್ಕೆ ಈ ನೀರು ಎಲ್ಲಿಗೂ ಹೋಗುವುದಿಲ್ಲ, ಮೊಸರಿನ ಗರಣೆಯೊಳಗೆ ಸಿಕ್ಕಿಕೊಂಡು ಕುಳಿತಿರುತ್ತದೆ ಅಷ್ಟೆ. ತಂಪು ತಗುಲಿದೊಡನೆ ಮೊದಲು ಹೆಪ್ಪುಗಟ್ಟುವುದು ಈ ನೀರು. ಅಂಗಡಿಯ ಐಸ್‌ಕ್ರೀಂ ಮೆತ್ತಗಿರುವುದೇಕೆಂದರೆ ಅದರಲ್ಲಿ ನೀರಲ್ಲದ ಘನ ಪದಾರ್ಥ ಹೆಚ್ಚು. ಆಹಾರ ಸುರಕ್ಷತೆಯ ನಿಯಮದ ಪ್ರಕಾರ ಐಸ್‌ಕ್ರೀಂ ಎಂದು ಮಾರುವ ಪದಾರ್ಥದಲ್ಲಿ ಒಟ್ಟು ಘನಾಂಶ ಶೇ. 36ಕ್ಕೆ ಕಡಿಮೆ ಇರಕೂಡದು, ಹಾಲಿನ ಕೊಬ್ಬು ಶೇ. 10ಕ್ಕೆ ಕಡಿಮೆ ಇರಕೂಡದು. ಆ ಕೊಬ್ಬು ನೀರಿನ ಹರಳುಗಳ ನಡುವೆ ಹರಡಿಕೊಂಡು ಒಂದಕ್ಕೊಂದು ಬೆಸೆಯದಂತೆ ತಡೆಯುತ್ತದೆ. ಸಕ್ಕರೆಯ ಕೆಲಸ ಬರೀ ಸಿಹಿ ಕೊಡುವುದಲ್ಲ. ಅದು ನೀರಿನಲ್ಲಿ ಕರಗಿ, ನೀರು ಹೆಪ್ಪುಗಟ್ಟುವ ಉಷ್ಣತೆಯನ್ನು ಸೊನ್ನೆಯ ಕೆಳಕ್ಕೆ ಇಳಿಸುತ್ತದೆ, ಹಾಗಾಗಿ ಎಷ್ಟೇ ತಂಪಾದರೂ ಸ್ವಲ್ಪ ನೀರು ಪಾಕದಂತೆ ಉಳಿದುಕೊಂಡು ತಿನಿಸು ಮೆದುವಾಗಿರುತ್ತದೆ. ಆರೋಗ್ಯದ ಹೆಸರಿನಲ್ಲಿ ಕೊಬ್ಬನ್ನೂ ಸಕ್ಕರೆಯನ್ನೂ ಒಟ್ಟಿಗೆ ತೆಗೆದುಬಿಟ್ಟರೆ ಉಳಿಯುವುದು ಹುಳಿ ಮಂಜುಗಡ್ಡೆ.

ಹಾಗಾದರೆ ದಾರಿ ಯಾವುದು? ನೀರನ್ನು ತೆಗೆಯುವುದು. ಭತ್ತದ ಕೊಯ್ಲಿಗೆ ಮುನ್ನ ಗದ್ದೆಯ ನೀರನ್ನು ಬಸಿಯುವಂತೆ, ಯಂತ್ರಕ್ಕೆ ಹಾಕುವ ಮುನ್ನ ಮೊಸರಿನ ನೀರನ್ನು ಬಸಿಯಬೇಕು. ಶ್ರೀಖಂಡ ಮಾಡುವ ಮನೆಗಳಿಗೆ ಇದು ಹೊಸದಲ್ಲ. ತೆಳುವಾದ, ಕುದಿಸಿ ಒಣಗಿಸಿದ ಹತ್ತಿ ಬಟ್ಟೆಯಲ್ಲಿ ಮೊಸರನ್ನು ಕಟ್ಟಿ, ಕೆಳಗೆ ಪಾತ್ರೆಯಿಟ್ಟು, ಮೂರು ನಾಲ್ಕು ತಾಸು ತೂಗುಹಾಕಿದರೆ ಹೆಚ್ಚುಕಡಿಮೆ ಅರ್ಧದಷ್ಟು ತೂಕ ನೀರಾಗಿ ಇಳಿಯುತ್ತದೆ. ಬೇಸಿಗೆಯಲ್ಲಿ ಹೊರಗೆ ತೂಗುಹಾಕಿದರೆ ಮೊಸರು ಹುಳಿ ಏರುತ್ತದೆ. ಆದುದರಿಂದ ಜರಡಿಯ ಮೇಲೆ ಬಟ್ಟೆ ಹಾಸಿ, ಮೊಸರು ಸುರಿದು, ಕೆಳಗೆ ಪಾತ್ರೆಯಿಟ್ಟು ಫ್ರಿಜ್ಜಿನ ಕೆಳಭಾಗದಲ್ಲಿಡುವುದು ಲೇಸು. ಇಳಿದ ತಿಳಿನೀರನ್ನು ಚೆಲ್ಲಬೇಡಿರಿ. ಅದರಲ್ಲಿ ಹಾಲಿನ ಸಕ್ಕರೆ, ಲವಣಾಂಶ, ಸ್ವಲ್ಪ ಸಸಾರಜನಕ ಇರುತ್ತವೆ. ರೊಟ್ಟಿ ಹಿಟ್ಟು ನಾದಲು, ಸಾರಿಗೆ ಹುಳಿಯಾಗಿ, ಅಥವಾ ಉಪ್ಪು, ಜೀರಿಗೆ ಹಾಕಿ ಕುಡಿಯಲು ಬಳಸಬಹುದು. ಏನೂ ಬೇಡವೆಂದರೆ ಎಮ್ಮೆಯ ಕಲಗಚ್ಚಿಗೆ ಸೇರಿಸಿರಿ.

ಬೆಣ್ಣೆ ದೋಸೆಯ ಊರಾದ ದಾವಣಗೆರೆಗೆ ಈ ವಿಷಯದಲ್ಲಿ ಒಂದು ವಿಶೇಷ ಅನುಕೂಲವಿದೆ. ಈ ಭಾಗದ ಮನೆಗಳಲ್ಲಿ ಕಾಯಿಸಿದ ಹಾಲಿನ ಕೆನೆಯನ್ನು ದಿನಾಲೂ ತೆಗೆದಿಟ್ಟು ವಾರಕ್ಕೊಮ್ಮೆ ಬೆಣ್ಣೆ ಮಾಡುವ ರೂಢಿ ಇದೆ. ಬೆಣ್ಣೆಗೆ ಬೆಲೆ ಇದೆ, ಮನೆಯಲ್ಲಿ ಮರ್ಯಾದೆಯೂ ಇದೆ. ಕೆನೆ ಹೋದ ಹಾಲಿನ ಮೊಸರಿಗೆ ಮಾತ್ರ ಯಾರೂ ಕೈಚಾಚುವುದಿಲ್ಲ, "ನೀರು ಮೊಸರು" ಎಂದು ಬದಿಗಿಡುತ್ತಾರೆ. ಆ ನೀರು ಮೊಸರೇ ಇಲ್ಲಿ ಬೇಕಾದ ಸಾಮಗ್ರಿ. ಕೊಬ್ಬು ಹೇಗಿದ್ದರೂ ಬೆಣ್ಣೆಗೆ ಹೋಯಿತು, ನೀರನ್ನು ಬಟ್ಟೆಯಲ್ಲಿ ಇಳಿಸಿದರೆ ಉಳಿಯುವುದು ಹಾಲಿನ ಸಸಾರಜನಕ ಮತ್ತು ಸುಣ್ಣದಂಶ. ಬೆಳೆಯುವ ಮಕ್ಕಳಿಗೆ ಬೇಕಾದುದು ಇದೇ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಕೆಲವರಿಗೆ ಮೊಸರು ಒಗ್ಗುತ್ತದೆ ಎಂಬುದನ್ನೂ ಇಲ್ಲಿ ನೆನೆಯಬಹುದು.

ಮೊಸರು ಸಿಹಿಮೊಸರಾಗಿರಬೇಕು. ಹಾಲನ್ನು ಚೆನ್ನಾಗಿ ಕುದಿಸಿ, ಬೆರಳಿಗೆ ಉಗುರುಬೆಚ್ಚಗೆ, ಅಂದರೆ 40-42 ಡಿಗ್ರಿ ಆಗುವವರೆಗೆ ಆರಿಸಿ, ಲೀಟರಿಗೆ ಎರಡು ಚಿಕ್ಕ ಚಮಚೆ ಹೆಪ್ಪು ಹಾಕಿರಿ. ಬೇಸಿಗೆಯಲ್ಲಿ ಐದಾರು ತಾಸಿಗೆ ಹೆಪ್ಪುಗಟ್ಟುತ್ತದೆ. ಗಟ್ಟಿಯಾದ ಕೂಡಲೇ ತಂಪಿಗೆ ಇಡತಕ್ಕದ್ದು. ರಾತ್ರಿ ಹೆಪ್ಪು ಹಾಕಿ ಬೆಳಿಗ್ಗೆ ಹತ್ತರವರೆಗೆ ಅಡಿಗೆ ಮನೆಯ ಕಟ್ಟೆಯ ಮೇಲೆ ಬಿಟ್ಟ ಮೊಸರು ಈ ಕೆಲಸಕ್ಕೆ ಬಾರದು. ಅದರ ಹುಳಿ ಮುಚ್ಚಲು ಸಕ್ಕರೆ ಎರಡು ಪಟ್ಟು ಸುರಿಯಬೇಕಾಗುತ್ತದೆ. ಸಕ್ಕರೆ ಉಳಿಸುವ ಕೆಲಸ ಹೆಪ್ಪಿನ ಗಡಿಗೆಯಿಂದಲೇ ಶುರು ಎಂದು ತಿಳಿಯಿರಿ.

ನೀರು ಇಳಿಸಿದ ಮೇಲೂ ಸ್ವಲ್ಪ ನೀರು ಉಳಿದೇ ಉಳಿಯುತ್ತದೆ. ಅದನ್ನು ಹಿಡಿದಿಡಲು ಪಿಷ್ಟ ಬೇಕು. ಪೇಟೆಯಲ್ಲಿ ಕಸ್ಟರ್ಡ್ ಪುಡಿ ಎಂದು ಡಬ್ಬಿಯಲ್ಲಿ ಮಾರುವುದು ಬಹುಮಟ್ಟಿಗೆ ಮೆಕ್ಕೆಜೋಳದ ಪಿಷ್ಟವೇ, ಬಣ್ಣ ಮತ್ತು ವಾಸನೆ ಸೇರಿಸಿದ್ದು. ಕಣ ಕಣದಲ್ಲೂ ಮೆಕ್ಕೆಜೋಳ ರಾಶಿ ಹಾಕುವ ದಾವಣಗೆರೆ ಜಿಲ್ಲೆಯವರು ಅದನ್ನೇ ಬಣ್ಣದ ಡಬ್ಬಿಯಲ್ಲಿ ಮರಳಿ ಕೊಳ್ಳುತ್ತಿದ್ದಾರೆ! ಬಣ್ಣವಿಲ್ಲದ ಬರಿಯ ಮೆಕ್ಕೆಜೋಳದ ಪಿಷ್ಟ ದಿನಸಿ ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಅದು ಸಾಕು. ಎರಡು ಚಿಕ್ಕ ಚಮಚೆಯಷ್ಟನ್ನು 100 ಮಿ.ಲೀ. ತಣ್ಣನೆಯ ಹಾಲಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಗಂಜಿಯಂತಾಗುವವರೆಗೆ ಬೇಯಿಸಿ, ಪೂರ್ತಿ ಆರಿಸಿ ಮೊಸರಿಗೆ ಬೆರೆಸಬೇಕು. ಬೇಯಿಸದ ಪಿಷ್ಟ ನೀರು ಹಿಡಿಯುವುದಿಲ್ಲ, ಬಾಯಲ್ಲಿ ಹಿಟ್ಟಿನ ರುಚಿ ಬೇರೆ. ಪಿಷ್ಟದ ಬದಲು ನುಣ್ಣನೆಯ ರಾಗಿ ಹಿಟ್ಟನ್ನೂ ಹೀಗೆಯೇ ಅಂಬಲಿ ಮಾಡಿ ಬಳಸಬಹುದು. ಬಣ್ಣ ಕಂದಾಗುತ್ತದೆ, ರುಚಿ ಕೆಡುವುದಿಲ್ಲ. ಏಲಕ್ಕಿ ಹಾಕಿದರಂತೂ ಮಾಲ್ಟಿನ ಸೊಗಸು ಬರುತ್ತದೆ.

ಈಗ ಅಳತೆ. ಕೆನೆ ತೆಗೆದ ಒಂದು ಲೀಟರ್ ಹಾಲಿನ ಮೊಸರನ್ನು ಕಟ್ಟಿದರೆ ಸುಮಾರು ಅರ್ಧ ಕಿಲೋ ಗಟ್ಟಿ ಮೊಸರು ಬರುತ್ತದೆ. ಇದಕ್ಕೆ ಮೇಲೆ ಹೇಳಿದ ಪಿಷ್ಟದ ಗಂಜಿ, ಕೆನೆರಹಿತ ಹಾಲಿನ ಪುಡಿ 25 ಗ್ರಾಂ, ಸಕ್ಕರೆ 60 ಗ್ರಾಂ, ಮಾವಿನ ಹಣ್ಣಿನ ತಿರುಳು 200 ಗ್ರಾಂ, ಒಂದು ಚಿಟಿಕೆ ಉಪ್ಪು, ಏಲಕ್ಕಿ. ಎಲ್ಲವನ್ನೂ ಸೇರಿಸಿ ನುಣ್ಣಗೆ ಕಡೆದು, ಎರಡು ತಾಸು ಫ್ರಿಜ್ಜಿನಲ್ಲಿಟ್ಟು ಚೆನ್ನಾಗಿ ತಣ್ಣಗಾದ ಮೇಲೆ ಯಂತ್ರಕ್ಕೆ ಹಾಕಿರಿ. ಒಟ್ಟು 880 ಗ್ರಾಂ ಆಸುಪಾಸು, ಅಂದರೆ 80 ಗ್ರಾಂನ 11 ಬಟ್ಟಲು. ಘನಾಂಶ ಶೇ. 25ರಷ್ಟಾಗುತ್ತದೆ, ಅಂಗಡಿಯದಕ್ಕಿಂತ ಕಡಿಮೆಯಾದರೂ ಬರೀ ಮೊಸರಿಗಿಂತ ಎರಡು ಪಟ್ಟು. ಕೊಬ್ಬು ಶೇ. 2ರ ಸುಮಾರು. ಪ್ರತಿ ಬಟ್ಟಲಿಗೆ 3 ಗ್ರಾಂಗೂ ಮೇಲೆ ಸಸಾರಜನಕ ಸಿಗುತ್ತದೆ. ಗಟ್ಟಿ ಎಮ್ಮೆ ಹಾಲನ್ನು ಕೆನೆ ಸಮೇತ ಬಳಸಿದರೆ ರುಚಿ ಇನ್ನೂ ಏರುವುದು ನಿಜ, ಕೊಬ್ಬೂ ಮೂರು ಪಟ್ಟಿಗೆ ಮೇಲೆ ಏರುತ್ತದೆ.

ಸಕ್ಕರೆಯ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಜನ ಹೆಚ್ಚು ಮೋಸಹೋಗುವುದು ಇಲ್ಲಿಯೇ. ಮೇಲಿನ ಅಳತೆಯಲ್ಲಿ ಬಟ್ಟಲಿಗೆ ಹೊರಗಿನಿಂದ ಹಾಕಿದ ಸಕ್ಕರೆ ಐದೂವರೆ ಗ್ರಾಂ, ಒಂದು ಚಿಕ್ಕ ಚಮಚೆಗೆ ಸ್ವಲ್ಪ ಹೆಚ್ಚು. ಸಾಮಾನ್ಯ ಐಸ್‌ಕ್ರೀಮಿನ ಅಷ್ಟೇ ತೂಕದಲ್ಲಿ ಇದರ ಎರಡು ಪಟ್ಟು ಇರುತ್ತದೆ. ಆದರೆ ಮಾವಿನ ಹಣ್ಣಿನದು, ಹಾಲಿನದು ಸೇರಿ ಇನ್ನೂ ಸುಮಾರು 6 ಗ್ರಾಂ ಸಹಜ ಸಕ್ಕರೆ ಇದ್ದೇ ಇದೆ. ಅದನ್ನು ಲೆಕ್ಕದಿಂದ ಬಿಡಬಾರದು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಡಿಸಿದ ಸಲಹೆಯಲ್ಲಿ, ಬೆರೆಸಿದ ಸಕ್ಕರೆ, ಜೇನು ಮುಂತಾದುವುಗಳಿಂದ ಬರುವ ಶಕ್ತಿ ದಿನದ ಒಟ್ಟು ಆಹಾರ ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕೆ ಇಳಿಸಿದರೆ ಇನ್ನೂ ಒಳಿತು ಎಂದಿದೆ. ಶೇ. 5 ಎಂದರೆ ದೊಡ್ಡವರಿಗೆ ದಿನಕ್ಕೆ ಸುಮಾರು 25 ಗ್ರಾಂ. ಎರಡು ಹೊತ್ತಿನ ಚಹಾಕ್ಕೇ ಅದರ ಬಹುಪಾಲು ಮುಗಿದುಹೋಗುತ್ತದೆ.

ಆ ಮನೆಯ ಹಿರಿಯರು ಎರಡನೆಯ ಸಲ ಯಂತ್ರ ತಿರುಗುವಾಗ ಜಗುಲಿಯಿಂದಲೇ ಕೇಳಬಹುದು: "ಸಕ್ಕರೆ ಬ್ಯಾಡ, ಬೆಲ್ಲ ಹಾಕವ್ವಾ. ಬೆಲ್ಲ ಆದ್ರೆ ನನಗೂ ಎರಡು ಬಟ್ಟಲು ಕೊಡು, ಏನೂ ಆಗಲ್ಲ." ಸೊಸೆ ಹೇಳಬೇಕಾದ ಉತ್ತರ ಒಂದೇ: "ಮಾವಾರೇ, ಬೆಲ್ಲಾನೂ ಸಕ್ಕರೇನೇ. ಅರ್ಧ ಬಟ್ಟಲು ಕೊಡ್ತೀನ್ರಿ, ಊಟದ ಅನ್ನ ಕಮ್ಮಿ ಮಾಡ್ರಿ." ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣ, ಖನಿಜಾಂಶ ಇರುವುದುಂಟು. ಆದರೆ ಅದರ ಬಹುಭಾಗ ಸಕ್ಕರೆಯೇ, ರಕ್ತದಲ್ಲಿ ಸೇರುವ ರೀತಿಯಲ್ಲೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಜೇನುತುಪ್ಪದ ಮಾತೂ ಇದೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಅಂದಾಜು ಮಾಡಿತು. ಇದು ಪೇಟೆಯ ಕಾಯಿಲೆ, ಹೊಲದಲ್ಲಿ ದುಡಿಯುವವರಿಗೆ ಬರದು ಎಂಬ ಹಳೆಯ ನಂಬಿಕೆಯನ್ನು ಹಳ್ಳಿಗಳೂ ಈಗ ಬಿಡಬೇಕಾಗಿದೆ. ಟ್ರಾಕ್ಟರು, ನಾಟಿ ಯಂತ್ರ, ಕೊಯ್ಲಿನ ಯಂತ್ರ ಬಂದ ಮೇಲೆ ಹೊಲದ ದುಡಿಮೆ ಕಡಿಮೆಯಾಗಿದೆ, ತಟ್ಟೆಯ ಅನ್ನ ಕಡಿಮೆಯಾಗಿಲ್ಲ. ಮೊಸರಿನ ಐಸ್‌ಕ್ರೀಂ ಔಷಧವಲ್ಲ. ಕಾಯಿಲೆಯುಳ್ಳವರು ವೈದ್ಯರ ಮಾತಿನ ಮಿತಿಯೊಳಗೆ ಒಂದು ರುಚಿ ನೋಡಲು ಇದು ಅವಕಾಶ ಕೊಡುತ್ತದೆ, ಅಷ್ಟೇ ಅದರ ಹೆಚ್ಚುಗಾರಿಕೆ.

ಮಾವು ಇಲ್ಲದಾಗ ಸಪೋಟ, ಬಾಳೆ, ಸೀತಾಫಲ ಚೆನ್ನಾಗಿ ಒಗ್ಗುತ್ತವೆ. ಇವುಗಳ ತಿರುಳೇ ನೀರು ಹಿಡಿಯುತ್ತದೆ. ಚೆನ್ನಾಗಿ ಕಳಿತ ಬಾಳೆಹಣ್ಣಾದರೆ ಸಕ್ಕರೆಯನ್ನು 60 ಗ್ರಾಂನಿಂದ 40ಕ್ಕೆ ಇಳಿಸಬಹುದು. ಕಲ್ಲಂಗಡಿಯನ್ನು ಹಾಗೆಯೇ ಹಾಕಬೇಡಿರಿ, ಅದು ಬಹುತೇಕ ನೀರು. ಅನಾನಸನ್ನು ಹಸಿಯಾಗಿ ಹಾಕಿದರೆ ಅದರಲ್ಲಿರುವ ಕಿಣ್ವವು ಮೊಸರಿನ ಸಸಾರಜನಕವನ್ನು ಒಡೆದು ಕಹಿ ಮಾಡುತ್ತದೆ. ಹೋಳುಗಳನ್ನು ಐದು ನಿಮಿಷ ಕುದಿಸಿ ಆರಿಸಿ ಹಾಕಿದರೆ ಆ ತೊಂದರೆ ಇಲ್ಲ.

ಇನ್ನು ಯಂತ್ರದ ವಿಷಯ. ಮಂಜಿಗೆ ಉಪ್ಪು ಬೆರೆಸಿ ತಂಪು ಹೆಚ್ಚಿಸುವ ಉಪಾಯ ಬಹಳ ಹಳೆಯದು. ಅಕ್ಬರನ ಅರಮನೆಯಲ್ಲಿ ಪೆಟ್ಲುಪ್ಪು ಬಳಸಿ ಕುಡಿಯುವ ನೀರನ್ನು ತಣಿಸುತ್ತಿದ್ದರೆಂದು ಐನ್-ಇ-ಅಕ್ಬರಿಯಲ್ಲಿದೆ. ಕೈಯಿಂದ ತಿರುಗಿಸುವ ಐಸ್‌ಕ್ರೀಂ ಯಂತ್ರಕ್ಕೆ 1843ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ನ್ಯಾನ್ಸಿ ಜಾನ್ಸನ್ ಎಂಬ ಗೃಹಿಣಿ ಹಕ್ಕುಪತ್ರ ಪಡೆದರು. ಇಂದಿಗೂ ಅದರ ರಚನೆ ಹೆಚ್ಚು ಬದಲಾಗಿಲ್ಲ. ಹೊರಗೊಂದು ಮರದ ಅಥವಾ ಪ್ಲಾಸ್ಟಿಕ್ಕಿನ ಬಕೆಟ್ಟು, ಒಳಗೊಂದು ಲೋಹದ ಡಬ್ಬಿ, ಡಬ್ಬಿಯೊಳಗೆ ತಿರುಗುವ ಅಲಗು. ಎರಡರ ನಡುವಿನ ಜಾಗಕ್ಕೆ ಮಂಜುಗಡ್ಡೆ ಮತ್ತು ಕಲ್ಲುಪ್ಪು. ಕಡೆಗೋಲು ಗೊತ್ತಿರುವ ಮನೆಗೆ ಈ ಅಲಗು ಪರಕೀಯವೇನಲ್ಲ. ಮೊಸರನ್ನೇ ಹೀಗೆ ತಂಪು ಮಾಡಿ ಮಾರುವ ಉದ್ಯಮ ಅಮೆರಿಕದಲ್ಲಿ 1970ರ ದಶಕದಲ್ಲಿ ಶುರುವಾಯಿತು.

ಉಪ್ಪು ಏನು ಮಾಡುತ್ತದೆ? ಒಂದು ಕಿಲೋ ಮಂಜುಗಡ್ಡೆ ಕರಗಿ ನೀರಾಗಲು ಬೇಕಾಗುವ ಶಾಖವು ಒಂದು ಕಿಲೋ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸುವಷ್ಟು. ಕರಗುವ ಮಂಜು ಈ ಶಾಖವನ್ನು ಪಕ್ಕದ ಡಬ್ಬಿಯಿಂದ ಎಳೆದುಕೊಳ್ಳುತ್ತದೆ. ಬರೀ ಮಂಜಾದರೆ ಸೊನ್ನೆ ಡಿಗ್ರಿಯಲ್ಲೇ ಕರಗುತ್ತದೆ, ಸಕ್ಕರೆ ಬೆರೆತ ಮೊಸರು ಹೆಪ್ಪುಗಟ್ಟಲು ಆ ತಂಪು ಸಾಲದು. ಉಪ್ಪು ಸೇರಿದಾಗ ಮಂಜು ಸೊನ್ನೆಯ ಕೆಳಗೂ ಕರಗುತ್ತಾ ಹೋಗುತ್ತದೆ. ಲೆಕ್ಕದ ಪ್ರಕಾರ ಸೊನ್ನೆಗಿಂತ 21 ಡಿಗ್ರಿ ಕೆಳಗಿನವರೆಗೂ ಇಳಿಯಬಲ್ಲುದು. ಮನೆಯ ಬಕೆಟ್ಟಿನಲ್ಲಿ 10ರಿಂದ 15 ಡಿಗ್ರಿ ಕೆಳಗಿಳಿದರೆ ಧಾರಾಳವಾಯಿತು. ಒಂದು ಕಿಲೋ ಮಿಶ್ರಣಕ್ಕೆ ಮೂರು ಕಿಲೋ ಮಂಜುಗಡ್ಡೆ, 600-700 ಗ್ರಾಂ ಕಲ್ಲುಪ್ಪು ಸಾಕು. ಮಂಜನ್ನು ಗೋಣಿಚೀಲದಲ್ಲಿ ಹಾಕಿ ಕೊಡತಿಯಿಂದ ಅಡಿಕೆ ಗಾತ್ರಕ್ಕೆ ಒಡೆದು, ಒಂದು ಪದರ ಮಂಜು, ಅದರ ಮೇಲೆ ಒಂದು ಹಿಡಿ ಉಪ್ಪು, ಹೀಗೆ ತುಂಬುತ್ತಾ ಹೋಗಬೇಕು. ಉಪ್ಪು ಅತಿಯಾದರೆ ಡಬ್ಬಿಯ ಅಂಚು ಒಮ್ಮೆಲೇ ಕಟ್ಟಿಕೊಂಡು ನಡುವಿನದು ನೀರಾಗಿಯೇ ಉಳಿಯುತ್ತದೆ.

ತಿರುಗಿಸುವುದು ಏಕೆ ಎಂಬ ಪ್ರಶ್ನೆ ಬರಬಹುದು. ಸುಮ್ಮನೆ ಇಟ್ಟರೆ ಹರಳುಗಳು ದೊಡ್ಡದಾಗಿ ಬೆಳೆಯುತ್ತವೆ. ಅಲಗು ಅವನ್ನು ಗೋಡೆಯಿಂದ ಕೆರೆದು ಚಿಕ್ಕದಾಗಿರುವಾಗಲೇ ನಡುವಿಗೆ ತಳ್ಳುತ್ತದೆ, ಜೊತೆಗೆ ಗಾಳಿಯನ್ನೂ ಸೇರಿಸುತ್ತದೆ. ಆದುದರಿಂದಲೇ ಮಿಶ್ರಣ ಉಬ್ಬುತ್ತದೆ, ಡಬ್ಬಿಯನ್ನು ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಬಾರದು. ಮೊದಲ ಹತ್ತು ನಿಮಿಷ ನಿಧಾನವಾಗಿ, ಆಮೇಲೆ ಬಿರುಸಾಗಿ ತಿರುಗಿಸಿರಿ. ಇಪ್ಪತ್ತು, ಇಪ್ಪತ್ತೈದು ನಿಮಿಷಕ್ಕೆ ಹಿಡಿಕೆ ಭಾರವಾಗುತ್ತದೆ. ಮಕ್ಕಳು ಸರದಿಯ ಮೇಲೆ ತಿರುಗಿಸಲು ಮುಗಿಬೀಳುವುದರಿಂದ ಆಳಿನ ಕೊರತೆ ಎಂಬುದು ಈ ಒಂದು ಕೆಲಸಕ್ಕೆ ಬರುವುದಿಲ್ಲ.

ವಿದ್ಯುತ್ತಿನ ಸಣ್ಣ ಯಂತ್ರದಲ್ಲಿ ಮಂಜು, ಉಪ್ಪು ಎರಡೂ ಬೇಡ. ಅದರ ಬಟ್ಟಲಿನ ಎರಡು ಗೋಡೆಗಳ ನಡುವೆ ಒಂದು ದ್ರವವಿರುತ್ತದೆ. ಬಟ್ಟಲನ್ನು ಹಿಂದಿನ ದಿನವೇ ಫ್ರೀಜರಿನಲ್ಲಿಟ್ಟು ಆ ದ್ರವ ಪೂರ್ತಿ ಗಟ್ಟಿಯಾಗುವಂತೆ ಮಾಡಬೇಕು. ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳಬಾರದು. ಮೋಟಾರು ಎಳೆಯುವ ವಿದ್ಯುತ್ತು ಒಂದು ಸಣ್ಣ ಬಲ್ಬಿನಷ್ಟು ಮಾತ್ರ. ಕೊಳ್ಳುವ ಮುನ್ನ ಮನೆಯ ಫ್ರಿಜ್ಜನ್ನು ನೋಡಿಕೊಳ್ಳಿರಿ. ಒಂದೇ ಬಾಗಿಲಿನ ಫ್ರಿಜ್ಜಿನ ಮೇಲಿನ ಸಣ್ಣ ಗೂಡಿಗೆ ಈ ಬಟ್ಟಲು ಹಿಡಿಸುವುದೇ ಇಲ್ಲ, ಹಿಡಿಸಿದರೂ ಅಲ್ಲಿನ ತಂಪು ಸಾಲದೆ ಹೋಗಬಹುದು. ಬೇಕಾದದ್ದು ಸೊನ್ನೆಯ ಕೆಳಗೆ 18 ಡಿಗ್ರಿ, ಅದೂ ಹನ್ನೆರಡರಿಂದ ಇಪ್ಪತ್ನಾಲ್ಕು ತಾಸು ಎಡೆಬಿಡದೆ. ದಿನಕ್ಕೆ ನಾಲ್ಕಾರು ಬಾರಿ ಕರೆಂಟು ಹೋಗಿಬರುವ ಊರಿನಲ್ಲಿ ಇದು ಆಗುವ ಮಾತಲ್ಲ. ಅಂಥ ಕಡೆ ಕೈಯಿಂದ ತಿರುಗಿಸುವ ಬಕೆಟ್ಟೇ ಮೇಲು. ತಾನೇ ತಂಪು ಮಾಡಿಕೊಳ್ಳುವ ದೊಡ್ಡ ಯಂತ್ರಗಳೂ ಇವೆ. ಬೇಸಿಗೆಯಲ್ಲಿ ನಾಲ್ಕು ಸಲ ಬಳಸುವ ಮನೆಗೆ ಆ ಖರ್ಚು ಸಲ್ಲದು, ಅದೇ ಹಣಕ್ಕೆ ಕೊಟ್ಟಿಗೆಗೊಂದು ಮೇವು ಕತ್ತರಿಸುವ ಯಂತ್ರ ತರಬಹುದು.

ಯಂತ್ರದಿಂದ ತೆಗೆದಾಗ ಐಸ್‌ಕ್ರೀಂ ಮೆದುವಾಗಿ, ಸೊನ್ನೆಯ ಕೆಳಗೆ ಐದಾರು ಡಿಗ್ರಿಯಲ್ಲಿರುತ್ತದೆ. ಮೊಸರಿನದನ್ನು ತಿನ್ನಬೇಕಾದ ಸಮಯ ಅದೇ. ಇಟ್ಟು ತಿನ್ನುವ ಪದಾರ್ಥ ಇದಲ್ಲ. ಕೊಬ್ಬು, ಸಕ್ಕರೆ ಎರಡೂ ಮಿತವಾಗಿರುವುದರಿಂದ ಫ್ರೀಜರಿನಲ್ಲಿ ರಾತ್ರಿ ಕಳೆದರೆ ಗಡುಸಾಗಿಯೇ ತೀರುತ್ತದೆ. ಮಿಕ್ಕರೆ ಚಪ್ಪಟೆ ಡಬ್ಬಿಯಲ್ಲಿ ಮುಚ್ಚಿಟ್ಟು, ತಿನ್ನುವುದಕ್ಕೆ ಕಾಲು ತಾಸು ಮೊದಲು ಕೆಳಗಿನ ಅರೆಗೆ ಇಳಿಸಿಕೊಳ್ಳಿರಿ. ಕರೆಂಟು ಹೋಗಿ ಪೂರ್ತಿ ಕರಗಿದ್ದನ್ನು ಮರಳಿ ಹೆಪ್ಪುಗಟ್ಟಿಸಿ ಮಕ್ಕಳಿಗೆ ಕೊಡಬೇಡಿರಿ.

ಈ ಎಚ್ಚರಿಕೆಗೆ ಕಾರಣವಿದೆ. ತಂಪಿನಲ್ಲಿ ರೋಗಾಣುಗಳು ಸಾಯುತ್ತವೆ ಎಂದು ಬಹಳ ಜನ ನಂಬಿದ್ದಾರೆ. ಸಾಯುವುದಿಲ್ಲ, ಬಹುಪಾಲು ಮಲಗಿರುತ್ತವೆ. ಮೊಸರಿನ ಒಳ್ಳೆಯ ಜೀವಾಣುಗಳು ಈ ತಂಪನ್ನು ತಡೆದು ಬಹುಮಟ್ಟಿಗೆ ಉಳಿಯುವುದು ಎಷ್ಟು ನಿಜವೋ, ವಿಷಮಶೀತ ಜ್ವರದ ಅಣುಜೀವಿ ಉಳಿಯುವುದೂ ಅಷ್ಟೇ ನಿಜ. ಆದುದರಿಂದ ಹಾಲು ಕುದಿದಿರಲೇಬೇಕು. ಹಸಿ ಹಾಲಿನ ಹೆಪ್ಪು ರುಚಿ ಎಂಬ ಮಾತಿಗೆ ಕಿವಿಗೊಡಬೇಡಿರಿ. ಕಂದು ಹಾಕುವ ರೋಗವಿರುವ ಹಸು, ಎಮ್ಮೆಗಳ ಹಸಿ ಹಾಲಿನಿಂದ ಆ ರೋಗ ಮನುಷ್ಯರಿಗೂ ತಗುಲಿ ತಿಂಗಳುಗಟ್ಟಲೆ ಜ್ವರ, ಕೀಲುನೋವು ಕಾಡುತ್ತದೆ. ಹಣ್ಣನ್ನು ತೊಳೆದು ಸಿಪ್ಪೆ ತೆಗೆಯಿರಿ, ಅಲಗು, ಡಬ್ಬಿ, ಚಮಚೆಗಳಿಗೆ ಕುದಿನೀರು ಹಾಯಿಸಿರಿ. ಬಕೆಟ್ಟಿಗೆ ಐಸ್ ಕಾರ್ಖಾನೆಯ ಗಡ್ಡೆ ತಂದರೆ ಅದು ಹೊರಗಿನ ತಂಪಿಗಷ್ಟೇ ಎಂದು ತಿಳಿಯಿರಿ. ಅದು ಯಾವ ನೀರಿನದೋ, ಯಾವ ನೆಲದ ಮೇಲೆ ಎಳೆದದ್ದೋ! ಅದರ ಒಂದು ಹನಿಯೂ ಡಬ್ಬಿಯೊಳಗೆ ಬೀಳಕೂಡದು. ಡಬ್ಬಿ ತೆರೆಯುವ ಮುನ್ನ ಮುಚ್ಚಳವನ್ನು ಒರೆಸತಕ್ಕದ್ದು. ಬಕೆಟ್ಟಿನ ಬದಿಯಲ್ಲಿರುವ ತೂತನ್ನು ಉಪ್ಪುನೀರು ಹರಿದುಹೋಗಲೆಂದೇ ಇಟ್ಟಿರುತ್ತಾರೆ, ಅದು ಮುಚ್ಚಿಕೊಂಡರೆ ನೀರು ಏರಿ ಮುಚ್ಚಳದ ಸಂದಿನಿಂದ ಒಳಗಿಳಿಯುತ್ತದೆ.

ಅಂಗಡಿಯಿಂದ ತರುವವರೂ ಡಬ್ಬಿಯ ಮೇಲಿನ ಅಕ್ಷರ ಓದುವ ಅಭ್ಯಾಸ ಮಾಡಿಕೊಳ್ಳಬೇಕು. ಹಾಲಿನ ಕೊಬ್ಬಿನಿಂದ ಮಾಡಿದ್ದಕ್ಕೆ ಮಾತ್ರ ಐಸ್‌ಕ್ರೀಂ ಎಂಬ ಹೆಸರು. ಸಸ್ಯಜನ್ಯ ಎಣ್ಣೆ ಸೇರಿಸಿದ್ದನ್ನು ಫ್ರೋಜನ್ ಡೆಸರ್ಟ್ ಎಂದು ಬರೆದಿರುತ್ತಾರೆ. ರುಚಿ, ಬಣ್ಣ ಎರಡೂ ಒಂದೇ ತೆರನಾಗಿರುವುದರಿಂದ ಕೊಳ್ಳುವವರಿಗೆ ಗೊತ್ತಾಗುವುದಿಲ್ಲ. ಹಾಲು ಉತ್ಪಾದಿಸುವ ರೈತರೇ ತಮ್ಮ ಮಕ್ಕಳಿಗೆ ಎಣ್ಣೆಯ ತಿನಿಸು ಕೊಡಿಸಿ ಬರುವುದು ವಿಚಿತ್ರವಾದರೂ ದಿನನಿತ್ಯ ನಡೆಯುವ ಸಂಗತಿ.

ಮನೆಯಲ್ಲಿ ಕೈ ಕುದುರಿದ ಮೇಲೆ ಸ್ತ್ರೀಶಕ್ತಿ ಸಂಘದ ಸದಸ್ಯೆಯರಿಗೆ ಇದನ್ನು ಮಾರುವ ಆಸೆ ಬರುವುದು ಸಹಜ. ದುಗ್ಗಮ್ಮನ ಜಾತ್ರೆಯಲ್ಲಿ ದಾವಣಗೆರೆಗೆ ಬರುವ ಜನ, ಹರಿಹರೇಶ್ವರನ ತೇರಿಗೆ ಸೇರುವ ಜನ ನೋಡಿದರೆ ಯಾರಿಗೂ ಆಸೆಯಾದೀತು. ಆತುರ ಬೇಡ. ಮಾರುವುದಾದರೆ ಎಷ್ಟೇ ಸಣ್ಣ ವ್ಯಾಪಾರವಾದರೂ ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ನೋಂದಣಿ ಆಗಲೇಬೇಕು. ಮಾಡುವ ಜಾಗ, ನೀರು, ಮಾರುವವರೆಗೂ ಕೆಡದ ತಂಪು, ಇವಿಷ್ಟೂ ಇಲ್ಲದೆ ಜಾತ್ರೆಗೆ ಹೊರಟರೆ ಒಂದು ಊರಿನ ಮಕ್ಕಳ ಹೊಟ್ಟೆಯ ಹೊಣೆ ಹೊತ್ತಂತೆ. ಮೊದಲ ಒಂದು ವರ್ಷ ಮನೆಗೆ, ನೆಂಟರಿಗೆ ಮಾಡಿ ಅಳತೆ ಸ್ಥಿರವಾದ ಮೇಲೆ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದವರನ್ನೋ ಬೆಂಗಳೂರು ಹೆಬ್ಬಾಳದ ಹೈನು ವಿಜ್ಞಾನ ಕಾಲೇಜಿನವರನ್ನೋ ವಿಚಾರಿಸಿ ಮುಂದುವರಿಯುವುದು ಕ್ಷೇಮ.

ಕೊನೆಯದಾಗಿ ಬಕೆಟ್ಟಿನ ಉಪ್ಪುನೀರು. ಮಕ್ಕಳು ಬಟ್ಟಲು ನೆಕ್ಕುವ ಸಂಭ್ರಮದಲ್ಲಿ ಯಾರಾದರೊಬ್ಬರು ಅದನ್ನು ಹಿತ್ತಲಿನ ಕರಿಬೇವಿನ ಬುಡಕ್ಕೋ ತೆಂಗಿನ ಪಾತಿಗೋ ಸುರಿದುಬಿಡುತ್ತಾರೆ, ನೀರು ವ್ಯರ್ಥವಾಗಬಾರದು ಎಂಬ ಒಳ್ಳೆಯ ಬುದ್ಧಿಯಿಂದಲೇ. ಅರ್ಧ ಕಿಲೋಗೂ ಮಿಕ್ಕಿದ ಉಪ್ಪು ಒಂದೇ ಗಿಡದ ಬುಡದಲ್ಲಿ ಬಿದ್ದರೆ ಬೇರು ನೀರೆಳೆಯಲಾರದೆ ಎಲೆ ಅಂಚಿನಿಂದ ಸುಟ್ಟಂತಾಗುತ್ತದೆ. ನಾಲೆಯ ಕೊನೆಯ ಹೊಲಗಳಲ್ಲಿ ಚೌಳು ಕಂಡಿರುವ ಭದ್ರಾ ಅಚ್ಚುಕಟ್ಟಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ನೀರನ್ನು ಅಗಲವಾದ ತಟ್ಟೆಯಲ್ಲಿ ಮಾಳಿಗೆಯ ಮೇಲೆ ಬಿಸಿಲಿಗಿಟ್ಟರೆ ಮೂರು ನಾಲ್ಕು ದಿನಕ್ಕೆ ನೀರಾರಿ ಉಪ್ಪು ಹರಳಾಗಿ ಕೂಡುತ್ತದೆ. ಅದನ್ನು ಡಬ್ಬಿಯಲ್ಲಿ ತುಂಬಿ, ಅಡಿಗೆಯ ಉಪ್ಪಿನೊಡನೆ ಬೆರೆಯದಂತೆ ಬೇರೆ ಚೀಟಿ ಅಂಟಿಸಿಟ್ಟರೆ, ಮುಂದಿನ ಸಲದ ಬಕೆಟ್ಟಿಗೆ ಆಗುತ್ತದೆ.